ಕ್ರಯಪತ್ರವೂ ವಂಶಾವಳಿಯೂ

ಅಮೆರಿಕದ ಹಳೆಯ ಮನೆತನಗಳ ಮೂಲವನ್ನು ಅರಸುವವರಿಗೆ ಭೂದಾಖಲೆಗಳೇ ದೃಢವಾದ ಸಾಕ್ಷಿಯೆಂಬುದು ನನ್ನ ನಂಬಿಕೆ. ಜಾರ್ಜ್ ವಾಷಿಂಗ್ಟನ್ನರ ಮನೆತನವನ್ನೇ ನೋಡೋಣ. ಇಂಗ್ಲೆಂಡಿನಿಂದ ವರ್ಜೀನಿಯಕ್ಕೆ ವಲಸೆ ಬಂದ ಅವರ ಮುತ್ತಜ್ಜ ಜಾನ್, 1674ರಲ್ಲಿ ನಿಕೋಲಸ್ ಸ್ಪೆನ್ಸರರೊಡನೆ ಪೊಟೊಮ್ಯಾಕ್ ನದಿಯ ದಂಡೆಯಲ್ಲಿ 5,000 ಎಕರೆ ಪಡೆದರು. ಅದರಲ್ಲಿ ಜಾನರ ಪಾಲು ಮಗ ಲಾರೆನ್ಸರಿಗೂ ಮೊಮ್ಮಗಳು ಮಿಲ್ಡ್ರೆಡ್‌ಗೂ ಸಂದಿತು; 1726ರಲ್ಲಿ ಆಕೆಯ ಅಣ್ಣ ಆಗಸ್ಟೀನ್ ಅದನ್ನು ಕ್ರಯಕ್ಕೆ ಕೊಂಡರು. ಅವರ ಮಗನೇ ಜಾರ್ಜ್. ಪತ್ರ ಕೈಬದಲಾದಲ್ಲೆಲ್ಲ ಒಂದು ನಂಟು ಬೆಳಕಿಗೆ ಬರುತ್ತದೆ.

ಆದರೆ ಆ ನೆಲವನ್ನು ಉತ್ತವರಿಗೆ ಹಕ್ಕುಪತ್ರವಿರಲಿಲ್ಲ. 1799ರಲ್ಲಿ ಜಾರ್ಜ್ ಸ್ವಹಸ್ತದಿಂದ ಬರೆದ ಪಟ್ಟಿಯಲ್ಲಿ ಮೌಂಟ್ ವೆರ್ನನ್ ಎಸ್ಟೇಟಿನ 317 ಗುಲಾಮರ ಹೆಸರುಗಳಿವೆ. ಕಸುಬು, ಕುಟುಂಬಸಂಬಂಧಗಳೂ ನಮೂದಾಗಿವೆ. ಅವರ ಸಂತತಿಗೆ ಒಡೆಯನ ಲೆಕ್ಕವೇ ವಂಶಾವಳಿ!

ನಾವೂ ವಲಸೆ ಬಂದವರೇ. ಊರಿನ ಜಮೀನಿನ ಪತ್ರಗಳನ್ನು ಜೋಪಾನಮಾಡುವಾಗ, ಅದನ್ನು ಉತ್ತವರ ಹೆಸರುಗಳನ್ನೂ ಮಕ್ಕಳಿಗಾಗಿ ಬರೆದಿಡೋಣ.