ವೆನಿಸ್‌ನ ವೈಭವ ಮತ್ತು ಮುರಾನೊದ ಕುಲುಮೆ

ಇಟಲಿಯ ವೆನಿಸ್ ನಗರಕ್ಕೆ ಪ್ರವಾಸಿಗರ ಕೊರತೆಯಿಲ್ಲ. ಸಂತ ಮಾರ್ಕನ ಬಸಿಲಿಕಾ, ಡೋಜ್ ಅರಮನೆ, ರಿಯಾಲ್ಟೊ ಸೇತುವೆ ಇವೆಲ್ಲವೂ ಶತಮಾನಗಳ ಕಡಲ ವ್ಯಾಪಾರದ ಲಾಭದಿಂದ ಮೇಲೆದ್ದವು. 1987ರಲ್ಲಿ ಯುನೆಸ್ಕೊ ಈ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ಪ್ರವಾಸಿಗರ ಸಂಖ್ಯೆಯೊಂದೇ ಊರಿನ ಏಳಿಗೆಯ ಅಳತೆಗೋಲಲ್ಲ ಎಂಬುದಕ್ಕೆ ವೆನಿಸ್ಸೇ ಸಾಕ್ಷಿ.

1951ರಲ್ಲಿ ಹಳೆಯ ನಗರದಲ್ಲಿ ಸುಮಾರು 1,75,000 ನಿವಾಸಿಗಳಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ತಂಗುದಾಣಗಳಾದವು. ನಿತ್ಯಬಳಕೆಯ ವಸ್ತುಗಳ ಅಂಗಡಿಗಳಿದ್ದಲ್ಲಿ ನೆನಪಿನ ಕಾಣಿಕೆಗಳ ಮಳಿಗೆಗಳು ಬಂದವು. ಬೆಳಿಗ್ಗೆ ಬಂದು ಸಂಜೆ ಮರಳುವವರ ದಟ್ಟಣೆ ತಗ್ಗಿಸಲು 2024ರಲ್ಲಿ ನಗರಾಡಳಿತವು ಆಯ್ದ 29 ದಿನಗಳಂದು 5 ಯೂರೊ ಪ್ರವೇಶ ಶುಲ್ಕ ವಿಧಿಸಿತು. 2025ರಲ್ಲಿ ಆ ದಿನಗಳು 54ಕ್ಕೇರಿದವು. ತಡವಾಗಿ ಕಾಯ್ದಿರಿಸಿದವರಿಗೆ ಶುಲ್ಕ 10 ಯೂರೊ ಆಯಿತು.

ಶುಲ್ಕವು ತಲೆಗಳನ್ನು ಎಣಿಸಬಲ್ಲದು. ಬಂದವರ ಹಣ ಯಾರ ಕೈ ಸೇರಿತೆಂದು ಹೇಳಲಾರದು. ನಿಜವಾದ ಪ್ರಶ್ನೆ ಇರುವುದು ಸಮೀಪದ ಮುರಾನೊ ದ್ವೀಪದಲ್ಲಿ. ಬೆಂಕಿಯ ಭಯದಿಂದ 1291ರಲ್ಲಿ ವೆನಿಸ್ ಗಣರಾಜ್ಯವು ಗಾಜಿನ ಕುಲುಮೆಗಳನ್ನು ಅಲ್ಲಿಗೆ ಸ್ಥಳಾಂತರಿಸಿತು. ಅಂದಿನಿಂದ ಬೆಳೆದುಬಂದ ಕಸುಬು ಇಂದು ಎರಡು ಕಡೆಯ ಒತ್ತಡಕ್ಕೆ ಸಿಲುಕಿದೆ. ಹಗಲಿರುಳು ಉರಿಯಬೇಕಾದ ಕುಲುಮೆಗಳಿಗೆ 2021-22ರ ಅನಿಲ ಬೆಲೆಯೇರಿಕೆ ಭಾರೀ ಪೆಟ್ಟು ನೀಡಿತು. ಇತ್ತ, ಬೇರೆಡೆ ತಯಾರಾದ ಅಗ್ಗದ ಗಾಜು ಮುರಾನೊದ ಹೆಸರಿನಲ್ಲೇ ಮಾರಾಟವಾಗುತ್ತದೆ.

ಅಗ್ಗದ ಸರಕನ್ನು ಮಾರುವುದು ತಪ್ಪಲ್ಲ. ಕೊಳ್ಳುವವರ ಕಿಸೆಯೂ ಗಣನೆಗೆ ಬರಬೇಕಾದದ್ದೇ. ತಪ್ಪಿರುವುದು ಅನ್ಯರ ಹೆಸರಿನಲ್ಲಿ ಮಾರುವುದರಲ್ಲಿ. ಇದನ್ನರಿತೇ ವೆನೆಟೊ ಪ್ರಾಂತ್ಯವು 1994ರ ಕಾನೂನಿನ ಮೂಲಕ ಮುರಾನೊ ಗಾಜಿಗೆ ಪ್ರತ್ಯೇಕ ಮುದ್ರೆಯನ್ನು ಕಲ್ಪಿಸಿತು. ಕರಕುಶಲ ವಸ್ತುಗಳಿಗೂ ಭೌಗೋಳಿಕ ಸೂಚಕದ ರಕ್ಷಣೆ ನೀಡುವ ಐರೋಪ್ಯ ಒಕ್ಕೂಟದ ನಿಯಮ 2025ರ ಡಿಸೆಂಬರ್‌ನಿಂದ ಅನ್ವಯವಾಗಿದೆ. ಆದರೆ ಕಾನೂನು ಕಡತದಲ್ಲಿದ್ದರಷ್ಟೇ ಸಾಲದು. ಸರಕಿನ ಮೂಲವನ್ನು ಮಾರಾಟದ ಮೇಜಿನ ಮೇಲೆಯೇ ಸ್ಪಷ್ಟವಾಗಿ ನಮೂದಿಸುವ ಹೊಣೆ ವರ್ತಕರದು.

ಚನ್ನಪಟ್ಟಣದ ಗೊಂಬೆ, ಬೀದರಿನ ಬಿದರಿ ಕಲೆಗಳಿಗೆ ಇದೇ ಬಗೆಯ ಮಾನ್ಯತೆ ಪಡೆದಿರುವ ಕರ್ನಾಟಕದ ವರ್ತಕರಿಗೂ ಈ ಮಾತು ಸಲ್ಲುತ್ತದೆ. ಪ್ರವಾಸಿಗರನ್ನು ಕರೆತರುವುದು ಸ್ಮಾರಕಗಳಾದರೆ, ಊರಿಗೆ ಅನ್ನ ನೀಡುವುದು ಕಸುಬು. ಕುಲುಮೆ ಆರಿದ ಮೇಲೆ ಉಳಿಯುವುದು ನೋಡುವ ಊರೇ ಹೊರತು ಬಾಳುವ ಊರಲ್ಲ.