ಮನೆ ಒಂದು, ಒಲೆ ಮೂರು

ಅಣ್ಣತಮ್ಮಂದಿರು ಪಾಲಾದಾಗ ಹಳೆಯ ಮನೆಯನ್ನು ಕೆಡವಿ ಮೂರು ಮನೆಗಳನ್ನು ಕಟ್ಟುವುದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ. ಸೂರು ಒಂದೇ ಇರುತ್ತದೆ. ಒಲೆಗಳು ಮಾತ್ರ ಬೇರೆಯಾಗುತ್ತವೆ. ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ ಜಾಲದಲ್ಲಿಯೂ ಇಂಥದೊಂದು ಪಾಲುಪಟ್ಟಿ ಉಂಟು. ಅದರ ಹೆಸರು ವಿ-ಲ್ಯಾನ್. ಎಂದರೆ ಕಲ್ಪಿತ ಸ್ಥಳೀಯ ಜಾಲ.

ಈಥರ್ನೆಟ್ ಜನ್ಮ ತಳೆದುದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅದನ್ನು ರೂಪಿಸಿದವರು. ಆಗ ಎಲ್ಲ ಯಂತ್ರಗಳೂ ಒಂದೇ ತಂತಿಗೆ ಜೋತುಬಿದ್ದಿದ್ದವು. ಒಂದು ಆಡಿದ ಮಾತು ಎಲ್ಲದರ ಕಿವಿಗೂ ಬೀಳುತ್ತಿತ್ತು. ಮುಂದೆ ಬಂದ ಸ್ವಿಚ್ಚು, ಯಾರ ವಿಳಾಸ ಯಾವ ಪೋರ್ಟಿನಲ್ಲಿದೆ ಎಂಬುದನ್ನು ನೆನಪಿಟ್ಟು, ಸಂದೇಶವನ್ನು ಅಲ್ಲಿಗಷ್ಟೇ ಮುಟ್ಟಿಸತೊಡಗಿತು. ಆದರೂ ಎಲ್ಲರನ್ನೂ ಕುರಿತು ಸಾರುವ ಸಂದೇಶಗಳು ಎಲ್ಲ ಪೋರ್ಟುಗಳಿಗೂ ಹರಿಯುವುದು ನಿಲ್ಲಲಿಲ್ಲ.

ಎರಡು ಮಹಡಿಗಳ ಒಂದು ಕಾಲೇಜನ್ನು ಓದುಗರು ಊಹಿಸಿಕೊಳ್ಳಲಿ. ಕಚೇರಿ, ಪರೀಕ್ಷಾ ವಿಭಾಗ, ವಿದ್ಯಾರ್ಥಿಗಳ ಪ್ರಯೋಗಶಾಲೆ, ಈ ಮೂರರ ಯಂತ್ರಗಳೂ ಎರಡೂ ಮಹಡಿಗಳಲ್ಲಿವೆ. ಮಹಡಿಗೊಂದು ಸ್ವಿಚ್ಚು, ನಡುವೆ ಒಂದೇ ತಂತಿ. ಪ್ರಶ್ನಪತ್ರಿಕೆಯಿರುವ ಯಂತ್ರವನ್ನು ವಿದ್ಯಾರ್ಥಿಯ ಯಂತ್ರ ಮುಟ್ಟಕೂಡದು. ಮೂವರಿಗೂ ಬೇರೆ ಬೇರೆ ಸ್ವಿಚ್ಚು, ತಂತಿಗಳನ್ನು ಒದಗಿಸುವುದು ದುಬಾರಿ. ಆದ್ದರಿಂದ ಪ್ರತಿ ಪೋರ್ಟಿಗೂ ಒಂದು ವಿ-ಲ್ಯಾನಿನ ಸಂಖ್ಯೆಯನ್ನು ಗೊತ್ತುಮಾಡುತ್ತಾರೆ: ಕಚೇರಿಗೆ 10, ಪರೀಕ್ಷೆಗೆ 20, ವಿದ್ಯಾರ್ಥಿಗಳಿಗೆ 30. ಒಂದು ಸಂಖ್ಯೆಯವರ ಸಂದೇಶವನ್ನು ಸ್ವಿಚ್ಚು ಇನ್ನೊಂದು ಸಂಖ್ಯೆಯವರಿಗೆ ಕೊಡುವುದಿಲ್ಲ.

ಆದರೆ ಮಹಡಿಗಳ ನಡುವಿನ ತಂತಿಯಲ್ಲಿ ಮೂವರ ಸಂದೇಶಗಳೂ ಬೆರೆತು ಹರಿಯುತ್ತವೆ. ಯಾವುದು ಯಾರದೆಂದು ಆಚೆಯ ಸ್ವಿಚ್ಚು ತಿಳಿಯುವುದೆಂತು? ಅದಕ್ಕಾಗಿಯೇ ಟ್ಯಾಗು ಎಂಬ ಚೀಟಿ. 1998ರಲ್ಲಿ ಪ್ರಕಟವಾದ 802.1ಕ್ಯೂ ಎಂಬ ಐಇಇಇ ನಿಯಮದಂತೆ, ಕಳುಹಿಸಿದವರ ವಿಳಾಸದ ಬೆನ್ನಿಗೇ 4 ಬೈಟುಗಳ ಈ ಚೀಟಿ ಸೇರುತ್ತದೆ. ಮೊದಲ 2 ಬೈಟುಗಳು, ಇಲ್ಲಿ ಚೀಟಿಯಿದೆ ಎಂಬುದರ ಗುರುತು. ಉಳಿದ 16 ಬಿಟ್‌ಗಳಲ್ಲಿ 3 ಸಂದೇಶದ ತುರ್ತನ್ನು ಸೂಚಿಸುತ್ತವೆ. 1, ದಟ್ಟಣೆಯಾದಾಗ ಅದನ್ನು ಕೈಬಿಡಬಹುದೇ ಎಂಬುದನ್ನು ಹೇಳುತ್ತದೆ. 12 ವಿ-ಲ್ಯಾನಿನ ಸಂಖ್ಯೆಗೆ ಮೀಸಲು. ಹನ್ನೆರಡು ಬಿಟ್‌ಗಳಿಂದ 4096 ಸಂಖ್ಯೆಗಳಾಗುತ್ತವೆ. ಮೊದಲಿನದನ್ನೂ ಕಡೆಯದನ್ನೂ ಬಿಟ್ಟರೆ ಬಳಕೆಗೆ ಉಳಿಯುವುವು 4094. ಚೀಟಿ ಹೊತ್ತ ಸಂದೇಶಗಳು ಸಾಗುವ ಪೋರ್ಟಿಗೆ ಟ್ರಂಕ್ ಎಂದೂ ಬಳಕೆದಾರನ ಯಂತ್ರ ಸೇರುವ ಪೋರ್ಟಿಗೆ ಆಕ್ಸೆಸ್ ಎಂದೂ ವಾಡಿಕೆಯ ಹೆಸರು. ಆಕ್ಸೆಸ್ ಪೋರ್ಟಿನಿಂದ ಹೊರಬೀಳುವಾಗ ಚೀಟಿಯನ್ನು ಕಿತ್ತಿರುತ್ತಾರೆ; ಯಂತ್ರಕ್ಕೆ ಈ ವ್ಯವಹಾರದ ಸುಳಿವೇ ಇರದು.

ಅಪಾಯವಿರುವುದು ಚೀಟಿಯಿಲ್ಲದ ಸಂದೇಶದಲ್ಲಿ. ಟ್ರಂಕಿನಲ್ಲಿ ಅಂಥದು ಬಂದರೆ ಯಾರ ಲೆಕ್ಕಕ್ಕೆ ಸೇರಿಸಬೇಕೆಂದು ತುದಿಗೊಂದು ಸಂಖ್ಯೆ ಗೊತ್ತಾಗಿರುತ್ತದೆ. ಅದೇ ನೇಟಿವ್ ವಿ-ಲ್ಯಾನ್. ಆ ಸಂಖ್ಯೆಯ ಸಂದೇಶಗಳು ಸಾಮಾನ್ಯವಾಗಿ ಚೀಟಿಯಿಲ್ಲದೆಯೇ ಹೊರಡುತ್ತವೆ. ಮೇಲಿನ ಸ್ವಿಚ್ಚು ಅದನ್ನು 20 ಎಂದು, ಕೆಳಗಿನದು 30 ಎಂದು ತಿಳಿದಿದ್ದರೆ ಪರೀಕ್ಷಾ ವಿಭಾಗವೂ ಪ್ರಯೋಗಶಾಲೆಯೂ ಒಂದೇ ಒಲೆಯ ಮುಂದೆ ಕುಳಿತಂತಾಯಿತು! ತಂತಿ ತುಂಡಾಗಿರುವುದಿಲ್ಲ, ದೀಪ ಆರಿರುವುದಿಲ್ಲ. ಆದುದರಿಂದಲೇ ಬಲ್ಲವರು ಯಾರೂ ಬಳಸದ ಒಂದು ಸಂಖ್ಯೆಯನ್ನು ನೇಟಿವ್ ಎಂದು ಎರಡೂ ತುದಿಗಳಲ್ಲಿ ಸಮನಾಗಿ ಬರೆಯುತ್ತಾರೆ. ಟ್ರಂಕಿನಲ್ಲಿ ಬೇಕಾದ ಸಂಖ್ಯೆಗಳಿಗಷ್ಟೇ ದಾರಿ ಬಿಡುತ್ತಾರೆ. ಬಳಸದ ಪೋರ್ಟುಗಳನ್ನು ಮುಚ್ಚುತ್ತಾರೆ. ವಿಭಾಗಗಳು ಪರಸ್ಪರ ಮಾತಾಡಲೇಬೇಕಾದರೆ ರೂಟರೆಂಬ ಬಾಗಿಲಿನ ಮೂಲಕ, ಕಾವಲಿನ ಕಣ್ಣೆದುರಿನಲ್ಲಿ, ಆಡಬೇಕು.

ಚೀಟಿ ಬೀಗವಲ್ಲ, ಅದು ಒಳಗಿನ ಮಾತನ್ನು ಮರೆಮಾಡುವುದಿಲ್ಲ. ಮಣ್ಣಿನ ಗೋಡೆಗೆ ಒಬ್ಬನ ದುಡಿಮೆ ಸಾಕು. ಒಪ್ಪಂದದ ಗೋಡೆಯಾದರೋ ಎರಡು ಕಡೆಯವರೂ ಒಂದೇ ಮಾತಿಗೆ ನಿಂತಾಗಲಷ್ಟೇ ನಿಲ್ಲುತ್ತದೆ.