ಇಲಿಗೆ ಇಟ್ಟ ವಿಷ ಗೂಬೆಗೆ ತಟ್ಟದಿರಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬೋರ್‌ವೆಲ್ ನಂಬಿ ಅಡಿಕೆ ಇಟ್ಟ ಸದಸ್ಯರಿಗೆ ಇಲಿಯ ಕಾಟ ಹೊಸದಲ್ಲ. ಮಗ್ಗುಲಿನ ಶೇಂಗಾ, ಮೆಕ್ಕೆಜೋಳದ ಹೊಲದಲ್ಲಿ ಕೊಬ್ಬಿದ ಇಲಿ ತೋಟಕ್ಕೆ ಬಂದು ಡ್ರಿಪ್ ಪೈಪು ಕಡಿಯುತ್ತದೆ, ಎಳೆಗಾಯಿ ಕೊರೆಯುತ್ತದೆ. ಇದಕ್ಕೆ ಅನೇಕರು ಹಿಡಿದಿರುವ ಸುಲಭದ ದಾರಿ ಇಲಿ ಪಾಷಾಣ. ಆ ಬಗ್ಗೆ ನಮ್ಮ ಅಭಿಪ್ರಾಯವನ್ನು ಸದಸ್ಯ ಬಾಂಧವರ ಮುಂದಿಡಬಯಸುತ್ತೇವೆ.

ಬ್ರೊಮಡಿಯೊಲೋನ್‌ನಂಥ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಮಂಕಾಗಿ ಅಡ್ಡಾಡುತ್ತದೆ. ಗೂಬೆಗೂ ಹದ್ದಿಗೂ ಮೊದಲು ಸಿಗುವುದು ಅಂಥ ಇಲಿಯೇ. ಆಸ್ಟ್ರೇಲಿಯದ ಪರ್ತ್ ನಗರದ ಸುತ್ತಿನಲ್ಲಿ ಸತ್ತು ಸಿಕ್ಕ ಗೂಬೆಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ನೂರಕ್ಕೆ 70ಕ್ಕೂ ಹೆಚ್ಚು ಗೂಬೆಗಳ ಯಕೃತ್ತಿನಲ್ಲಿ ಇಲಿ ಪಾಷಾಣದ ಅಂಶ ಕಂಡುಬಂತು.

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ರಣಹದ್ದುಗಳ ಗತಿ ಏನಾಯಿತು? ದನದ ನೋವಿಗೆ ಕೊಟ್ಟ ಡೈಕ್ಲೋಫೆನಾಕ್, ಆ ದನದ ಹೆಣ ತಿಂದ ರಣಹದ್ದನ್ನು ಕೊಲ್ಲುತ್ತದೆಂದು 2004ರಲ್ಲಿ ಖಚಿತವಾಯಿತು. 2006ರಲ್ಲಿ ಸರ್ಕಾರ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ನಾಶವಾಗಿದ್ದವು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿದರು. ಆದರೆ ಧಾಮ ಮಾಡಿದ ಮಾತ್ರಕ್ಕೆ ಹೋದ ಹಕ್ಕಿ ಮರಳುವುದಿಲ್ಲ. ಗೂಬೆಯ ವಿಷಯದಲ್ಲಿ ಹಾಗಾಗುವ ತನಕ ಕಾಯುವುದು ಜಾಣತನವಲ್ಲ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ್ದು ಹೆಮ್ಮೆಯ ಸಂಗತಿ. ಕೆರೆಯ ಹಕ್ಕಿಗೆ ಸಿಕ್ಕ ಆದರ ಹೊಲದ ಗೂಬೆಗೆ ಸಿಕ್ಕಿಲ್ಲ. ಅದನ್ನು ಅಪಶಕುನವೆಂದು ಕಲ್ಲು ಹೊಡೆದು ಓಡಿಸುವವರು ಇನ್ನೂ ಇದ್ದಾರೆ. ಒಬ್ಬರ ಮೇಲೆ ಗೂಬೆ ಕೂರಿಸುವುದು ತಪ್ಪಿರಬಹುದು, ತೋಟದಲ್ಲಿ ಗೂಬೆ ಕೂತರೆ ಮಾತ್ರ ಲಾಭವೇ! ಮಲೇಷ್ಯಾದ ತಾಳೆ ತೋಟಗಳವರು ಇಲಿ ಹಿಡಿಸಲೆಂದೇ ಕಣಜ ಗೂಬೆಗೆ ಮರದ ಪೆಟ್ಟಿಗೆ ಕಟ್ಟಿ ಸಾಕಿಕೊಂಡಿದ್ದಾರೆ.

ಗೂಬೆಯೊಂದೇ ಇಲಿಯನ್ನೆಲ್ಲ ಮುಗಿಸೀತೆಂದು ನಾವು ಹೇಳುವುದಿಲ್ಲ. ಬೋನು ಇಡಬೇಕು, ಬದುವಿನ ಬಿಲ ಅಗೆಯಬೇಕು. ಇದಕ್ಕೆ ಆಳಿನ ಖರ್ಚು ಇದೆ. ಆದರೆ ಪಾಷಾಣದ ಖರ್ಚು ವರ್ಷ ವರ್ಷವೂ ಬರುತ್ತದೆ. ಪುಕ್ಕಟೆ ದುಡಿಯುವ ಬೇಟೆಗಾರನನ್ನೂ ಕೊಲ್ಲುತ್ತದೆ. ಪಾಷಾಣ ಇಡಲೇಬೇಕಾದವರು ಸತ್ತ ಇಲಿಗಳನ್ನು ದಿನವೂ ಹುಡುಕಿ ಆಳವಾಗಿ ಹೂಳಲಿ. ಪೊಟರೆಯಿರುವ ಹಳೆಯ ಹುಣಸೆ, ಬೇವಿನ ಮರಗಳನ್ನು ಕಡಿಯದಿರಲಿ. ಹೊಲದಂಚಿನಲ್ಲಿ ಹಕ್ಕಿ ಕೂರಲು ಅಡ್ಡಪಟ್ಟಿಯ ಕಂಬ ನೆಡಲಿ.

ಸಹಕಾರ ಸಂಘಗಳು ಪಾಷಾಣದ ಬದಲು ಬೋನನ್ನೂ ಗೂಬೆ ಪೆಟ್ಟಿಗೆಯನ್ನೂ ರಿಯಾಯಿತಿ ದರದಲ್ಲಿ ಒದಗಿಸಬೇಕೆಂಬುದು ನಮ್ಮ ಮತ. ಸರ್ವಸದಸ್ಯರ ಸಭೆಯಲ್ಲಿ ಸದಸ್ಯರು ಇದನ್ನು ಚರ್ಚಿಸಿ ತೀರ್ಮಾನಿಸಬೇಕೆಂದು ಕೋರುತ್ತೇವೆ.